ಸೋತ ಮಣ್ಣಿಗೆ ಚಿಪ್ಪಿನ ಮದ್ದು

ಎಷ್ಟು ಗೊಬ್ಬರ ಹಾಕಿದರೂ ಮಣ್ಣು ಏಳೋದಿಲ್ಲ ಎಂಬ ದೂರು ನಮ್ಮ ಕರಾವಳಿ, ಮಲೆನಾಡಿನದು ಮಾತ್ರವಲ್ಲ. 200 ವರ್ಷ ಹಿಂದೆ ಇದಕ್ಕೆ ಉತ್ತರ ಹುಡುಕಿದ ಅಮೆರಿಕದ ಕೃಷಿಕನೊಬ್ಬನ ಕತೆ ನನ್ನನ್ನು ಸೆಳೆದಿದೆ. ಹೆಸರು ಎಡ್ಮಂಡ್ ರಫಿನ್. ಊರು ವರ್ಜೀನಿಯಾ ರಾಜ್ಯದ ಜೇಮ್ಸ್ ನದಿ ದಂಡೆ.

1794ರಲ್ಲಿ ಹುಟ್ಟಿದ ಈತನಿಗೆ ಹತ್ತೊಂಬತ್ತರ ಪ್ರಾಯದಲ್ಲೇ ಜಮೀನಿನ ಹೊಣೆ ಬಂತು. ಹೊಗೆಸೊಪ್ಪು, ಮುಸುಕಿನ ಜೋಳ ಬೆಳೆದು ಬೆಳೆದು ಸೋತ ನೆಲ. ನೆರೆಕರೆಯವರು ಗಂಟುಮೂಟೆ ಕಟ್ಟಿ ಪಶ್ಚಿಮಕ್ಕೆ ಹೊರಟಿದ್ದರು. ಈತನೂ ಮಾರಿ ಹೋಗುವ ಯೋಚನೆಯಲ್ಲಿದ್ದ.

ಹುಳಿಯ ಗುಟ್ಟು

ಹಂಫ್ರಿ ಡೇವಿಯ ಕೃಷಿ ರಸಾಯನಶಾಸ್ತ್ರದ ಪುಸ್ತಕ ಓದಿದ ರಫಿನ್ ತನ್ನ ಹೊಲ ನೋಡಿದ. ಪೈನ್ ಮರ, ಹುಳಿರುಚಿಯ ಕಳೆ ಹುಲುಸಾಗಿರುವ ಜಾಗದಲ್ಲೆಲ್ಲ ಮಣ್ಣಿನಲ್ಲಿ ಸುಣ್ಣದಂಶವಿಲ್ಲ. ಮಣ್ಣು ಹುಳಿಯಾಗಿದ್ದರೆ ಗೊಬ್ಬರ ಹೇಗೆ ಹಿಡಿದೀತು? ಮದ್ದು ಜಮೀನಿನಡಿಯಲ್ಲೇ ಇತ್ತು. ಹಳೆಯ ಸಮುದ್ರಚಿಪ್ಪು ತುಂಬಿದ ‘ಮಾರ್ಲ್’ ಮಣ್ಣು. 1818ರಲ್ಲಿ ಅಗೆಸಿ ಹರಡಿ ಜೋಳ ಹಾಕಿದ. ಇಳುವರಿ ಸುಮಾರು ಶೇ. 40 ಏರಿತು. ಅತಿಯಾದರೆ ಬೆಳೆಗೆ ಕೆಡುಕು ಎಂದೂ ಆತನೇ ಎಚ್ಚರಿಸಿದ.

1823ರಿಂದ 1826ರವರೆಗೆ ರಾಜ್ಯದ ಸೆನೆಟ್ ಸದಸ್ಯನಾದ. ರಾಜಕೀಯ ಹಿಡಿಸದೆ ರಾಜೀನಾಮೆ ಕೊಟ್ಟ. 1832ರಲ್ಲಿ ಸುಣ್ಣದ ಬಗ್ಗೆ ಪುಸ್ತಕ ಬರೆದ. 1833ರಿಂದ 1842ರವರೆಗೆ ‘ಫಾರ್ಮರ್ಸ್ ರಿಜಿಸ್ಟರ್’ ಎಂಬ ಮಾಸಿಕ ನಡೆಸಿದ. ಅದರಲ್ಲಿ ಬೆಳೆಗಾರರೇ ತಮ್ಮ ಅನುಭವ ಬರೆಯುತ್ತಿದ್ದರು. ನಮಗಿದು ಪರಿಚಿತ ದಾರಿ ಅಲ್ವೇ?

ಮುಚ್ಚಿಡಬಾರದ ಮಾತು

ಆ ಮಾರ್ಲ್ ಅಗೆದವರು ಯಾರು? ಗುಲಾಮರು. ಬೆವರು ಅವರದು, ಬೆಳೆ ಧಣಿಯದು. ಮಣ್ಣಿನ ಹುಳಿ ಕಂಡ ಈ ಮನುಷ್ಯನಿಗೆ ಆ ಅನ್ಯಾಯ ಕಾಣಲೇ ಇಲ್ಲ. ಬದಲಿಗೆ, ಗುಲಾಮಗಿರಿ ಉಳಿಯಲಿ, ದಕ್ಷಿಣದ ರಾಜ್ಯಗಳು ಬೇರೆಯಾಗಲಿ ಎಂದು ಹೋರಾಡಿದ. 1861ರಲ್ಲಿ ಸಮ್ಟರ್ ಕೋಟೆಯ ಮೇಲೆ ಹಾರಿದ ಮೊದಲ ಗುಂಡುಗಳಲ್ಲಿ ಒಂದು ಈತನದು. ದಕ್ಷಿಣ ಸೋತಾಗ, 1865ರಲ್ಲಿ, ತನ್ನ ಬಂದೂಕಿನಿಂದಲೇ ಜೀವ ಕಳಕೊಂಡ.

ಮನುಷ್ಯನನ್ನು ನಾನು ಮೆಚ್ಚಲಾರೆ, ಪ್ರಯೋಗವನ್ನು ಬಿಡಲಾರೆ. ಹೆಚ್ಚು ಮಳೆ ಬೀಳುವ ನಮ್ಮ ಜಂಬಿಟ್ಟಿಗೆ ಮಣ್ಣೂ ಹುಳಿಯೇ. ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ವರದಿ ಹೇಳಿದಷ್ಟೇ ಸುಣ್ಣ ಹಾಕಿ. ಸುಣ್ಣ ಗೊಬ್ಬರಕ್ಕೆ ಬದಲಿಯಲ್ಲ. ಹಾಕಿದ ಗೊಬ್ಬರ ಗಿಡಕ್ಕೆ ದಕ್ಕುವಂತೆ ಮಾಡುವುದಷ್ಟೇ ಅದರ ಕೆಲಸ.