ಘಟ್ಟ ಹತ್ತಿದ ಗಡಿಯಾರ

ಅಜ್ಜನ ಮನೆ ಪಾಲಾದಾಗ ನನಗೆ ಬಂದದ್ದು ಚಾವಡಿಯ ಗೋಡೆ ಗಡಿಯಾರ. ಮಂಗಳೂರಿನ ಹಂಚಿನ ಮನೆಯಲ್ಲಿ ಅರುವತ್ತು ವರ್ಷ ಗಂಟೆ ಹೊಡೆದ ಗಡಿಯಾರ ಅದು. ಪ್ರತಿ ಭಾನುವಾರ ಅಜ್ಜ ಸ್ಟೂಲು ಹತ್ತಿ ಕೀ ಕೊಡುತ್ತಿದ್ದರು, ರೇಡಿಯೊದ ವಾರ್ತೆಗೆ ಮುಳ್ಳು ಹೊಂದಿಸುತ್ತಿದ್ದರು. ಆ ಹೊತ್ತಿನಲ್ಲಿ ಮಕ್ಕಳು ಮಾತಾಡುವಂತಿರಲಿಲ್ಲ. ನಾನು ಲೋಲಕವನ್ನು ಕೊಕ್ಕೆಯಿಂದ ಕಳಚಿ, ಹಳೆಯ ಪಂಚೆಯಲ್ಲಿ ಸುತ್ತಿ, ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಶಿರಾಡಿ ಘಾಟಿ ಹತ್ತಿ ಬೆಂಗಳೂರಿಗೆ ತಂದೆ. ಇಲ್ಲಿಯ ಗೋಡೆಗೆ ಏರಿದ ಮೇಲೆ ಅದು ವಾರಕ್ಕೆ ಎರಡು ನಿಮಿಷ ಹಿಂದೆ ಬೀಳತೊಡಗಿತು.

ಅವೆನ್ಯೂ ರಸ್ತೆಯ ಗಲ್ಲಿಯೊಂದರಲ್ಲಿ ಗಡಿಯಾರ ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ. ಅವರು ಅದನ್ನು ಬಿಚ್ಚಿ ನೋಡುವ ಮೊದಲು ಕೇಳಿದರು. ಗೋಡೆಗೆ ತೂಗುಹಾಕಿ, ಕಿವಿ ಹತ್ತಿರ ತಂದು, "ಬೀಟ್ ಕುಂಟುತ್ತಿದೆ" ಎಂದರು. ಟಿಕ್ಕಿಗೂ ಟಕ್ಕಿಗೂ ನಡುವಿನ ಬಿಡುವು ಒಂದೇ ಸಮ ಇರಲಿಲ್ಲ. ಪೆಟ್ಟಿಗೆಯ ಬುಡವನ್ನು ನೂಲಿನಷ್ಟು ಎಡಕ್ಕೆ ಸರಿಸಿದಾಗ ಸಮವಾಯಿತು. ಹಳೆಯ ಜಿಡ್ಡು ಒರೆಸಿ ಹೊಸ ಎಣ್ಣೆ ಬಿಟ್ಟರು. ಕೊನೆಗೆ ಲೋಲಕದ ಬುಡದ ತಿರುಪನ್ನು ಬೆರಳ ತುದಿಯಲ್ಲಿ ಹಿಡಿದು ಒಂದಿಷ್ಟೇ ತಿರುಗಿಸಿ, "ಗುಂಡನ್ನು ಕೂದಲೆಳೆಯಷ್ಟು ಮೇಲೆತ್ತಿದ್ದೇನೆ" ಎಂದರು.

ಆ ಕೂದಲೆಳೆಯನ್ನು ಮನೆಗೆ ಬಂದು ಲೆಕ್ಕ ಹಾಕಿ ನೋಡಿದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಅಷ್ಟು ಎತ್ತರಕ್ಕೆ ಬಂದದ್ದರಿಂದ ಭೂಮಿಯ ಸೆಳೆತ ಇಲ್ಲಿ ಮಂಗಳೂರಿಗಿಂತ ತುಸು ಕಡಿಮೆ. ಅಲ್ಲಿ ಸರಿಯಾಗಿದ್ದ ಲೋಲಕ ಇಲ್ಲಿ ದಿನಕ್ಕೆ ಸುಮಾರು 10 ಸೆಕೆಂಡ್ ನಿಧಾನವಾಗಬೇಕು. 25 ಸೆಂಟಿಮೀಟರ್ ಉದ್ದದ ಲೋಲಕದಲ್ಲಿ ಅದನ್ನು ತಿದ್ದಲು ಗುಂಡನ್ನು ಎತ್ತಬೇಕಾದದ್ದು ಒಂದು ಮಿಲಿಮೀಟರನ್ನು ಹದಿನೇಳು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ತಲೆಗೂದಲಿನ ದಪ್ಪವೂ ಹೆಚ್ಚುಕಡಿಮೆ ಅಷ್ಟೇ! ವಾರಕ್ಕೆ ಎರಡು ನಿಮಿಷದ ಆ ಸೋರಿಕೆಯಲ್ಲಿ ಕುಂಟು ಬೀಟಿನ ಪಾಲಿತ್ತು, ಜಿಡ್ಡಿನ ಪಾಲಿತ್ತು. ಉಳಿದ ಒಂದು ನಿಮಿಷದಷ್ಟನ್ನು ಗಡಿಯಾರದ ತಲೆಗೆ ಕಟ್ಟುವುದು ಅನ್ಯಾಯ. ಅದು ಘಟ್ಟದ ಎತ್ತರದ ವರದಿ.

ಲೋಲಕದ ನಾನೂರು ವರ್ಷದ ಕಥೆಯನ್ನು ಓದುತ್ತ ಹೋದಂತೆ ನನಗೆ ಮತ್ತೆ ಮತ್ತೆ ಸಿಕ್ಕಿದ್ದು ಇದೇ. ಲೋಲಕ ತಪ್ಪಿತು ಎಂದು ಜನ ಅಂದುಕೊಂಡಾಗಲೆಲ್ಲ ಅದು ಬೇರೊಂದು ಸಂಗತಿಯನ್ನು ಸರಿಯಾಗಿ ಹೇಳುತ್ತಿತ್ತು.

ಜೋಕಾಲಿಯ ಹೊತ್ತು

ನಾಗರಪಂಚಮಿಗೆ ಉತ್ತರ ಕರ್ನಾಟಕದ ಊರುಗಳಲ್ಲಿ ಗಟ್ಟಿ ಕೊಂಬೆ ನೋಡಿ ಜೋಕಾಲಿ ಕಟ್ಟುತ್ತಾರೆ. ಅದರಲ್ಲಿ ಆರು ವರ್ಷದ ಹುಡುಗಿ ಕುಳಿತರೂ ಅವಳ ಸೋದರತ್ತೆ ಕುಳಿತರೂ ಒಮ್ಮೆ ಹೋಗಿ ಬರಲು ಹಿಡಿಯುವ ಹೊತ್ತು ಹೆಚ್ಚುಕಡಿಮೆ ಒಂದೇ. ತೂಕ ಇಲ್ಲಿ ಲೆಕ್ಕಕ್ಕಿಲ್ಲ. ಹಗ್ಗದ ಉದ್ದ ಮತ್ತು ಭೂಮಿಯ ಸೆಳೆತ, ಇವೆರಡೇ ಅದನ್ನು ನಿರ್ಧರಿಸುತ್ತವೆ. ಹಗ್ಗ ನಾಲ್ಕು ಪಟ್ಟಾದರೆ ಹೊತ್ತು ಎರಡು ಪಟ್ಟಾಗುತ್ತದೆ. ನಿಂತು ಜೀಕುವವಳು ಕೆಳಗೆ ಬರುವಾಗ ಮೈ ನೆಟ್ಟಗೆ ಮಾಡಿ, ತುದಿ ಮುಟ್ಟಿದಾಗ ಮಂಡಿ ಮಡಚಿ, ಜೋಕಾಲಿಗೆ ಬಲ ತುಂಬುತ್ತಾಳೆ. ಯಾವ ಪುಸ್ತಕವೂ ಅವಳಿಗೆ ಅದನ್ನು ಹೇಳಿಕೊಟ್ಟಿಲ್ಲ.

ಈ ಸಮಗತಿಯನ್ನು ವಿಜ್ಞಾನದ ಮಾತಾಗಿಸಿದವನು ಗೆಲಿಲಿಯೊ. ಪೀಸಾ ಚರ್ಚಿನಲ್ಲಿ ತೂಗುತ್ತಿದ್ದ ದೀಪವನ್ನು ಅವನು ತನ್ನ ನಾಡಿಬಡಿತದಿಂದ ಅಳೆದನೆಂಬುದು ಶಿಷ್ಯ ವಿವಿಯಾನಿ ಬರೆದಿಟ್ಟ ಕಥೆ. 1602ರ ಪತ್ರವೊಂದರಲ್ಲಿ ಗೆಲಿಲಿಯೊ ತಾನೇ ಇದರ ಬಗ್ಗೆ ಬರೆದಿದ್ದಾನೆ. ಲೋಲಕವನ್ನು ಗಡಿಯಾರಕ್ಕೆ ಕಟ್ಟಿ ದುಡಿಸಿದವನು ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗೆನ್ಸ್, 1656ರಲ್ಲಿ. ದಿನಕ್ಕೆ ಕಾಲು ಗಂಟೆಯಷ್ಟು ಎಡವುತ್ತಿದ್ದ ಗಡಿಯಾರಗಳು ಅಲ್ಲಿಂದ ಮುಂದೆ ಸೆಕೆಂಡುಗಳ ಲೆಕ್ಕಕ್ಕೆ ಬಂದವು. 1665ರಲ್ಲಿ ಕಾಯಿಲೆ ಬಿದ್ದು ಮಲಗಿದ್ದ ಹೈಗೆನ್ಸ್ ಇನ್ನೊಂದು ವಿಚಿತ್ರ ಕಂಡ. ಅಕ್ಕಪಕ್ಕ ತೂಗುಹಾಕಿದ್ದ ಎರಡು ಗಡಿಯಾರಗಳ ಲೋಲಕಗಳು, ಒಂದು ಎಡಕ್ಕೆ ಹೋದರೆ ಇನ್ನೊಂದು ಬಲಕ್ಕೆ, ಒಂದೇ ತಾಳಕ್ಕೆ ಬಿದ್ದಿದ್ದವು. ತಾಳ ಕೆಡಿಸಿ ಬಿಟ್ಟರೂ ಅರ್ಧ ಗಂಟೆಯೊಳಗೆ ಮತ್ತೆ ಕೂಡಿಕೊಳ್ಳುತ್ತಿದ್ದವು. ಅವೆರಡನ್ನೂ ಹೊತ್ತ ತೊಲೆ ಕಣ್ಣಿಗೆ ಕಾಣದಷ್ಟು ಅಲುಗುತ್ತ ಒಂದರ ಮಾತನ್ನು ಇನ್ನೊಂದಕ್ಕೆ ಮುಟ್ಟಿಸುತ್ತಿತ್ತು.

ಏಳು ವರ್ಷ ಕಳೆದು, 1672ರಲ್ಲಿ, ಫ್ರಾನ್ಸಿನ ಖಗೋಳಜ್ಞ ಜಾನ್ ರಿಶೆ ದಕ್ಷಿಣ ಅಮೆರಿಕದ ಕಯೆನ್‌ಗೆ ಹೋದ. ಪ್ಯಾರಿಸ್‌ನಲ್ಲಿ ಹೊಂದಿಸಿ ತಂದಿದ್ದ ಗಡಿಯಾರ ಸಮಭಾಜಕದ ಹತ್ತಿರದ ಆ ಊರಿನಲ್ಲಿ ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬಿತ್ತು. ಬಿಸಿಲಿಗೆ ಲೋಹ ಹಿಗ್ಗಿರಬೇಕು ಎಂದವರಿದ್ದರು. ಹಿತ್ತಾಳೆಯ ಕಡ್ಡಿ 10 ಡಿಗ್ರಿ ಬಿಸಿಯೇರಿದರೆ ಗಡಿಯಾರ ದಿನಕ್ಕೆ 8 ಸೆಕೆಂಡ್ ತಡವಾಗುವುದು ನಿಜ, ಆದರೆ ಎರಡೂವರೆ ನಿಮಿಷಕ್ಕೆ ಆ ಸಮಾಧಾನ ಸಾಲದು. 1687ರ ತನ್ನ ಮಹಾಗ್ರಂಥದಲ್ಲಿ ನ್ಯೂಟನ್ ಇದನ್ನು ಸಾಕ್ಷಿಯಾಗಿ ಕರೆದ. ತಿರುಗುವ ಭೂಮಿ ನಡುವಿನಲ್ಲಿ ಉಬ್ಬಿ ಧ್ರುವಗಳಲ್ಲಿ ಚಪ್ಪಟೆಯಾಗಿದೆ, ಆ ತಿರುಗುವಿಕೆಯಿಂದಲೂ ಆ ಉಬ್ಬಿನಿಂದಲೂ ನಡುವಿನಲ್ಲಿ ಸೆಳೆತ ಕಡಿಮೆ ಎಂದ. ಭೂಮಿಯನ್ನು ಹೊರಗಿನಿಂದ ಯಾರೂ ನೋಡಿರದ ಕಾಲದಲ್ಲಿ ಅದರ ಆಕಾರವನ್ನು ಹೇಳಿದ್ದು ನಿಧಾನವಾಗಿ ಓಡಿದ ಒಂದು ಗಡಿಯಾರ.

ಪರ್ವತದ ಬೇರು

ಲೋಲಕದ ಕಥೆಗಳಲ್ಲಿ ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ನಮ್ಮ ನೆಲದಲ್ಲೇ ನಡೆದದ್ದು. ಹತ್ತೊಂಬತ್ತನೇ ಶತಮಾನದ ನಡುವೆ, ಭಾರತವನ್ನು ತ್ರಿಕೋನಗಳಲ್ಲಿ ಅಳೆಯುತ್ತಿದ್ದ ಸರ್ವೆಯವರಿಗೆ ಒಂದು ತೊಡಕು ಎದುರಾಯಿತು. ಮಧ್ಯ ಭಾರತದ ಕಲಿಯಾನ್‌ಪುರಕ್ಕೂ ಹಿಮಾಲಯದ ಕಡೆಗಿರುವ ಕಲಿಯಾನಾಕ್ಕೂ ನಡುವಿನ ಅಂತರ ಸರಪಳಿಯ ಲೆಕ್ಕದಲ್ಲಿ ಒಂದು, ನಕ್ಷತ್ರದ ಲೆಕ್ಕದಲ್ಲಿ ಇನ್ನೊಂದು. ವ್ಯತ್ಯಾಸ ನೆಲದ ಮೇಲೆ ಸುಮಾರು 160 ಮೀಟರ್. ನಕ್ಷತ್ರ ನೋಡುವ ಉಪಕರಣವನ್ನು ನೆಟ್ಟಗೆ ನಿಲ್ಲಿಸಲು ಆಧಾರ ಇಳಿಬಿಟ್ಟ ತೂಗುಗುಂಡು. ಗಾರೆ ಕೆಲಸದವರು ಗೋಡೆಗೆ ಹಿಡಿಯುವಂಥದ್ದೇ. ಆ ಗುಂಡನ್ನು ಹಿಮಾಲಯ ತನ್ನ ಕಡೆಗೆ ಸೆಳೆಯುತ್ತಿದೆ ಎಂಬ ಅನುಮಾನ ಹುಟ್ಟಿತು. ಕಲ್ಕತ್ತದ ಪಾದ್ರಿ, ಗಣಿತಜ್ಞ ಜಾನ್ ಪ್ರಾಟ್ ಲೆಕ್ಕ ಹಾಕಿದರೆ ಸೋಜಿಗ: ಅಷ್ಟು ದೊಡ್ಡ ಪರ್ವತ ಈಗ ಕಂಡದ್ದಕ್ಕಿಂತ ಮೂರು ಪಟ್ಟು ಬಲವಾಗಿ ಸೆಳೆಯಬೇಕಿತ್ತು. 1855ರಲ್ಲಿ ಇಂಗ್ಲೆಂಡಿನ ಖಗೋಳಜ್ಞ ಜಾರ್ಜ್ ಏರಿ ಒಂದು ಊಹೆ ಮುಂದಿಟ್ಟ. ನೀರಿನಲ್ಲಿ ತೇಲುವ ಮರದ ದಿಮ್ಮಿಯಂತೆ ಪರ್ವತಕ್ಕೂ ಆಳದಲ್ಲಿ ಹಗುರ ಕಲ್ಲಿನ ಬೇರು ಇಳಿದಿದೆ ಎಂದ.

ಇದನ್ನು ಒರೆಗೆ ಹಚ್ಚಲು ಲೋಲಕವೇ ಬೇಕಾಯಿತು. 1865ರಲ್ಲಿ ಕ್ಯಾಪ್ಟನ್ ಜೇಮ್ಸ್ ಪಲ್ಲಾಡಿಯೊ ಬಸೇವಿ ಲಂಡನ್ನಿನ ರಾಯಲ್ ಸೊಸೈಟಿಯ ಹಿತ್ತಾಳೆ ಲೋಲಕಗಳನ್ನು ಹಿಡಿದು ಕೆಲಸ ಆರಂಭಿಸಿದ. ಲೋಲಕವನ್ನು ಗಾಳಿ ತೆಗೆದ ಪಾತ್ರೆಯೊಳಗೆ ತೂಗಬಿಟ್ಟು, ಹಿಂದೆ ಇಟ್ಟ ಗಡಿಯಾರದ ಲೋಲಕದೊಡನೆ ಅದು ಯಾವ ಗಳಿಗೆಯಲ್ಲಿ ಕೂಡಿಬರುತ್ತದೆಂದು ದೂರದರ್ಶಕದಲ್ಲಿ ಕಣ್ಣಿಟ್ಟು ಗಂಟೆಗಟ್ಟಲೆ ಕಾಯುವ ಕೆಲಸ ಅದು. ತೆಂಕಣ ತುದಿಯಿಂದ ಮಸ್ಸೂರಿಯವರೆಗೆ, ಮಿನಿಕಾಯ್ ದ್ವೀಪದಲ್ಲೂ ಅವನು ಲೋಲಕ ತೂಗಿದ. ಆ ಪಟ್ಟಿಯಲ್ಲಿ ಮಂಗಳೂರಿದೆ. ಬೆಂಗಳೂರಿನ ಎರಡು ಜಾಗಗಳೂ ಇವೆ. ಅಜ್ಜನ ಗಡಿಯಾರ ಬಂದ ದಾರಿಯ ಎರಡು ತುದಿಗಳನ್ನು ಆ ಹೆಸರುಗಳ ನಡುವೆ ಕಂಡಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ದ್ವೀಪದಲ್ಲಿ ಸೆಳೆತ ನಿರೀಕ್ಷೆಗಿಂತ ಹೆಚ್ಚು, ಹಿಮಾಲಯದ ಕಡೆಗೆ ಹೋದಂತೆಲ್ಲ ಕಡಿಮೆ ಸಿಕ್ಕಿತು. 1871ರಲ್ಲಿ ಬಸೇವಿ ಲಡಾಖ್‌ನ ಮೋರೆ ಬಯಲಿಗೆ ಏರಿದ. 15,000 ಅಡಿಗೂ ಮೇಲಿನ ಆ ಜಾಗದಲ್ಲಿ, ಎತ್ತರದ ಲೆಕ್ಕ ಕಳೆದ ಮೇಲೂ, ಕಾಲ ಕೆಳಗಿನ ಅಷ್ಟು ಕಲ್ಲು ಇಲ್ಲವೇ ಇಲ್ಲವೇನೋ ಎಂಬಷ್ಟು ನಿಧಾನವಾಗಿ ಲೋಲಕ ತೂಗಿತು. ಏರಿಯ ಮಾತಿಗೆ ಅದಕ್ಕಿಂತ ಗಟ್ಟಿ ಸಾಕ್ಷಿ ಇನ್ನೊಂದು ಬೇಕಿರಲಿಲ್ಲ. ಇನ್ನೊಂದು ಎತ್ತರದ ಠಾಣೆಗೆಂದು ಹೊರಟ ಬಸೇವಿ ಆ ಜುಲೈನಲ್ಲಿ ಲಡಾಖ್‌ನ ಚಳಿಯಲ್ಲೇ ತೀರಿಕೊಂಡ. ಅವನ ಲೋಲಕಗಳ ಉಳಿದ ಕೆಲಸವನ್ನು ಹೆವಿಸೈಡ್ ಎಂಬ ಇನ್ನೊಬ್ಬ ಅಧಿಕಾರಿ ಮುಗಿಸಬೇಕಾಯಿತು.

ತಿರುಗುವ ನೆಲ, ನಡುಗುವ ಕೈ

ಫೂಕೋನ ಲೋಲಕವನ್ನು ಹೆಚ್ಚಿನವರು ಕೇಳಿ ಬಲ್ಲಿರಿ. 1851ರಲ್ಲಿ ಪ್ಯಾರಿಸ್‌ನ ಪ್ಯಾಂಥಿಯನ್ ಗುಮ್ಮಟದಿಂದ 67 ಮೀಟರ್ ತಂತಿಗೆ 28 ಕಿಲೊ ಗುಂಡು ಕಟ್ಟಿ ಅವನು ಇಳಿಬಿಟ್ಟ. ತೂಗುವ ದಿಕ್ಕು ಗಂಟೆಗೆ 11 ಡಿಗ್ರಿಯಷ್ಟು ವಾಲುತ್ತ ಹೋಯಿತು. ವಾಲಿದ್ದು ಲೋಲಕವೆಂದು ಕಂಡರೂ ತಿರುಗುತ್ತಿದ್ದದ್ದು ಅದರ ಕೆಳಗಿನ ನೆಲ. ಧ್ರುವದಲ್ಲಿ ಒಂದು ಸುತ್ತಿಗೆ ಒಂದು ದಿನ ಸಾಕು, ಸಮಭಾಜಕದಲ್ಲಿ ಸುತ್ತೇ ಇಲ್ಲ. ದೆಹಲಿಯ ಹೊಸ ಸಂಸತ್ ಭವನದಲ್ಲಿ ತೂಗುವ ಲೋಲಕಕ್ಕೆ ಸುಮಾರು 50 ಗಂಟೆ ಬೇಕು. ಬೆಂಗಳೂರಿನಲ್ಲಿ ತೂಗಿದರೆ 107 ಗಂಟೆ, ಅಂದರೆ ನಾಲ್ಕೂವರೆ ದಿನದ ಹತ್ತಿರ.

ಕನ್ನಡದಲ್ಲಿ ಈ ವಸ್ತುವಿಗೆ ಸಿಕ್ಕ ಹೆಸರು ನನಗೆ ಬಲು ಇಷ್ಟ. ಲೋಲ ಎಂದರೆ ಅಲುಗುವುದು, ಆಸೆಪಡುವುದು. ಕಿವಿಯಲ್ಲಿ ತೂಗುವ ಲೋಲಾಕು, ಸಂಗೀತಕ್ಕೆ ಮನಸೋತ ಗಾನಲೋಲ, ಇಬ್ಬರೂ ಒಂದೇ ಮನೆಯವರು. ಆಸೆಗೂ ತೂಗಾಟಕ್ಕೂ ನಂಟು ಕಟ್ಟಿದ ಈ ಪದ ನಿಜವಾಗಿ ಹೊಂದುವುದು ಕೈಯಲ್ಲಿ ಹಿಡಿದ ಲೋಲಕಕ್ಕೆ.

ಕೋಲಾರದ ಕಡೆ ಬೋರ್‌ವೆಲ್ ಪಾಯಿಂಟ್ ನೋಡುವವರು ತೆಂಗಿನಕಾಯಿ, ಬೇವಿನ ಕವಲುಕಡ್ಡಿ ಹಿಡಿದಂತೆ ದಾರಕ್ಕೆ ಕಟ್ಟಿದ ಗುಂಡನ್ನೂ ಹಿಡಿಯುತ್ತಾರೆ. ಗುಂಡು ಸುತ್ತಿದ ಜಾಗದಲ್ಲಿ ಸಾವಿರ ಅಡಿ ಕೊರೆಸಿ ಬರೀ ದೂಳು ಕಂಡ ರೈತರ ಅಂಗಳದಲ್ಲಿ ನಾನು ಕುಳಿತಿದ್ದೇನೆ. ಅಲ್ಲಿಯ ಮೌನ ನನ್ನಿಂದ ಮರೆಯಲಾಗದು. ಕೈಯಲ್ಲಿ ಹಿಡಿದವರು ಮೋಸಗಾರರು ಎಂದು ನಾನು ಹೇಳಲಾರೆ, ಹಲವರು ಮನಸಾರೆ ನಂಬಿಯೇ ಹಿಡಿಯುತ್ತಾರೆ. ಫ್ರಾನ್ಸಿನ ರಸಾಯನ ವಿಜ್ಞಾನಿ ಶೆವ್ರೂಲ್ ತನ್ನ ಕೈಯಲ್ಲೇ ಇದನ್ನು ಪರೀಕ್ಷಿಸಿ 1833ರಲ್ಲಿ ಬರೆದ. ಗುಂಡಿನ ಮೇಲೆ ಕಣ್ಣಿದ್ದಾಗ ಅದು ತೂಗುತ್ತಿತ್ತು, ಕಣ್ಣಿಗೆ ಬಟ್ಟೆ ಕಟ್ಟಿದಾಗ ನಿಲ್ಲುತ್ತಿತ್ತು. ನೀವೂ ನೋಡಬಹುದು. ಒಂದು ಬೀಗದ ಕೈಯನ್ನು ಗೇಣುದ್ದ ದಾರಕ್ಕೆ ಕಟ್ಟಿ, ಕೈ ಅಲುಗಿಸದೆ ಹಿಡಿದು, ಅದು ಎಡಬಲ ತೂಗಲಿ ಎಂದು ಮನಸ್ಸಿನಲ್ಲೇ ಅಂದುಕೊಳ್ಳಿ. ನಿಮಿಷದೊಳಗೆ ತೂಗುತ್ತದೆ. ಕೈಯ ಕಾಣದ ನಡುಕ ದಾರದುದ್ದಕ್ಕೂ ದೊಡ್ಡದಾಗುತ್ತ ಇಳಿಯುತ್ತದೆ. ಹೊಲದಲ್ಲೂ ಲೋಲಕ ಹುಸಿ ನುಡಿದಿರಲಿಲ್ಲ. ನೀರು ಸಿಕ್ಕೀತೆಂದು ಹಂಬಲಿಸುವ ಮನಸ್ಸನ್ನು ಅದು ಇದ್ದಂತೆ ತೋರಿಸಿತ್ತು. ಆ ವರದಿಯನ್ನು ನೆಲದಡಿಯ ವರದಿ ಎಂದು ಓದಿದ್ದಕ್ಕೆ ಒಂದು ಮನೆ ಸಾಲಕ್ಕೆ ಬಿತ್ತು.

ತಂಗಿ ಈಗ ಮಂಗಳೂರಿನಲ್ಲಿ ಮನೆ ಕಟ್ಟಿಸುತ್ತಿದ್ದಾಳೆ. "ಅಣ್ಣಾ, ಚಾವಡಿಗೆ ಅಜ್ಜನ ಗಡಿಯಾರವೇ ಬೇಕು" ಎಂದಳು. ಒಕ್ಕಲಿಗೆ ಮೊದಲು ಕಳಿಸಬೇಕು. ಅದೇ ಹಳೆಯ ಪಂಚೆಯನ್ನು ಒಗೆದು ಮಡಚಿಟ್ಟಿದ್ದೇನೆ. ಪೆಟ್ಟಿಗೆಯ ಒಳಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದೇನೆ: ಊರಿಗೆ ತಲುಪಿದ ಮೇಲೆ ಗುಂಡನ್ನು ಕೂದಲೆಳೆಯಷ್ಟು ಇಳಿಸುವುದು.