ನಿಮಗಿದು ಗೊತ್ತೆ? ಊದುಬತ್ತಿಯ ‘ಊದು’ ಊದುವುದಲ್ಲ!

ದೇವರ ಮುಂದೆ ಹಚ್ಚಿದ ಊದುಬತ್ತಿಯನ್ನು ಬಾಯಿಂದ ಊದಿ ಆರಿಸಿದರೆ ಮನೆಯ ಹಿರಿಯರು ಗದರುತ್ತಾರೆ, ಎಂಜಲಾಯಿತು ಎಂದು. ಹಾಗಾದರೆ ಹೆಸರಿನಲ್ಲೇ ‘ಊದು’ ಏಕಿದೆ? ಅದು ಅರಬ್ಬಿಯ ‘ಊದ್’. ಮರ, ಅದರಲ್ಲೂ ಅಗರು ಮರ ಎಂದರ್ಥ. ‘ಬತ್ತಿ’ ಬಂದದ್ದು ಸಂಸ್ಕೃತದ ‘ವರ್ತಿ’ಯಿಂದ. ದೇವಸ್ಥಾನ, ದರ್ಗಾ ಎರಡರಲ್ಲೂ ಉರಿಯುವ ಕಡ್ಡಿಗೆ ತಕ್ಕ ಹೆಸರೇ!

ಅಗರು ಮರದ್ದು ಇನ್ನೂ ವಿಚಿತ್ರ. ಆರೋಗ್ಯವಾಗಿರುವ ಮರಕ್ಕೆ ಪರಿಮಳವಿಲ್ಲ. ಗಾಯವಾಗಿ ಶಿಲೀಂಧ್ರ ತಗುಲಿದಾಗ ಒಳಗೆ ಕಟ್ಟುವ ಕಪ್ಪು ರಾಳಕ್ಕೇ ಬೆಲೆ. ಇಂದಿನ ಅಗ್ಗದ ಅಗರಬತ್ತಿಯಲ್ಲಿ ಅಗರು ಹೆಸರಿಗಷ್ಟೇ.

ಮೈಸೂರು ಅಗರಬತ್ತಿಗೆ 2005ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅಗರಬತ್ತಿ ಮಾಡುವುದು ಹೀಗೆ: ಇದ್ದಿಲ ಪುಡಿಗೆ ಜಿಗಟು, ಅಂದರೆ ಗುಳಮಾವಿನಂಥ ಮರದ ತೊಗಟೆಯ ಅಂಟುಪುಡಿ ಸೇರಿಸಿ, ನೀರು ಹಾಕಿ ಚಪಾತಿ ಹಿಟ್ಟಿನಂತೆ ನಾದುತ್ತಾರೆ. ಕೈಯಲ್ಲಿ ಹೊಸೆಯುವವರು ಗಿಡ್ಡ ಮಣೆಯ ಮೇಲೆ ಬಿದಿರುಕಡ್ಡಿ ಇಟ್ಟು, ಚಿಟಿಕೆ ಹಿಟ್ಟು ಅಂಟಿಸಿ, ಅಂಗೈಯಲ್ಲಿ ಒಮ್ಮೆ ಉರುಳಿಸಿದರೆ ಮುಗಿಯಿತು. ಹಿಡಿಯಲು ಒಂದು ತುದಿ ಬೋಳು. ಒಣಗಿದ ಮೇಲೆ ಸುಗಂಧದಲ್ಲಿ ಅದ್ದುವುದು. ಮಸಾಲೆ ಬತ್ತಿಯಾದರೆ ಪರಿಮಳ ಹಿಟ್ಟಿನಲ್ಲೇ ಬೆರೆತಿರುತ್ತದೆ.

ಹಳೆಯ ಕಾಲದ ಕೆಲವು ಮಸಾಲೆ ಬತ್ತಿಗಳು ಮುಟ್ಟಿದರೆ ತುಸು ಮೆತ್ತಗೆ, ತೇವವಾಗಿರುತ್ತಿದ್ದವು. ಹಾಳಾದದ್ದಲ್ಲ, ಗಾಳಿಯ ತೇವ ಹೀರುವ ಹಾಲುಮಡ್ಡಿಯ ಗುಣ ಅದು. ಹಾಲುಮಡ್ಡಿ ಎಂದರೆ ಪಶ್ಚಿಮಘಟ್ಟದಲ್ಲೂ ಬೆಳೆಯುವ ಮರವೊಂದರ ಗಾಯದಿಂದ ಒಸರುವ ಅಂಟು. ವಿದೇಶದ ಊದುಬತ್ತಿ ಪ್ರಿಯರೂ ಅದನ್ನು ‘ಹಾಲ್‌ಮಡ್ಡಿ’ ಎಂದೇ ಕರೆಯುತ್ತಾರೆ, ಅಪ್ಪಟ ಕನ್ನಡದಲ್ಲಿ.