ಬಿಸಿ ತಟ್ಟಿದ ಬ್ಯಾಕ್ಟೀರಿಯಾ

ನಮ್ಮ ಕರುಳಿನಲ್ಲಿ ನೆಲೆಸಿರುವ ಇ. ಕೋಲಿ ಬ್ಯಾಕ್ಟೀರಿಯಾಕ್ಕೆ 37 ಡಿಗ್ರಿ ಸೆಲ್ಸಿಯಸ್ ಹಿತ. ಕಾವು 42ಕ್ಕೆ ಏರಿತೆಂದರೆ ಅದರ ಎಷ್ಟೋ ಪ್ರೋಟೀನುಗಳ ಮಡಿಕೆ ಸಡಿಲಾಗುತ್ತದೆ. ಪ್ರೋಟೀನು ಎಂದರೆ ಅಮೈನೋ ಆಮ್ಲಗಳ ಉದ್ದನೆಯ ಸರಪಳಿ. ಸರಿಯಾಗಿ ಮಡಿಚಿಕೊಂಡರಷ್ಟೇ ಕೆಲಸಕ್ಕೆ ಬರುತ್ತದೆ. ಮಡಿಕೆ ಬಿಚ್ಚಿದರೆ ಒಳಗೆ ಅಡಗಿದ್ದ, ನೀರನ್ನು ಒಲ್ಲದ ಭಾಗಗಳು ಹೊರಬಂದು ಒಂದಕ್ಕೊಂದು ಅಂಟಿ ಮುದ್ದೆಗಟ್ಟುತ್ತವೆ. ಬೆಂದ ಮೊಟ್ಟೆಯ ಬಿಳಿ ಗಟ್ಟಿಯಾಗುವುದೂ ಹೀಗೆಯೇ.

ಕೋಶದಲ್ಲಿ ಹೀಗೆ ಮುದ್ದೆಗಟ್ಟುವುದನ್ನು ತಡೆಯುವ ಪ್ರೋಟೀನುಗಳಲ್ಲಿ ಗ್ರೋ-ಇಎಲ್‌ನ ರಚನೆಯಂತೂ ನೋಡಿದಷ್ಟೂ ಬೆರಗು ಹುಟ್ಟಿಸುತ್ತದೆ. 7 ಘಟಕಗಳ ಒಂದು ಉಂಗುರ, ಅದಕ್ಕೆ ಬೆನ್ನು ಹಚ್ಚಿ ಅಂಥದೇ ಇನ್ನೊಂದು. 1994ರಲ್ಲಿ ಯೇಲ್ ವಿಶ್ವವಿದ್ಯಾಲಯದ ಪಾಲ್ ಸಿಗ್ಲರ್, ಆರ್ಥರ್ ಹಾರ್ವಿಚ್ ಮತ್ತು ಸಂಗಡಿಗರು ಎಕ್ಸ್-ಕಿರಣಗಳ ನೆರವಿನಿಂದ ಈ ಆಕಾರವನ್ನು ಕಂಡರು. ಉಂಗುರದ ಬಾಯಂಚೂ ನೀರನ್ನು ಒಲ್ಲದು. ಹಾಗಾಗಿ ಬಿಚ್ಚಿಹೋದ ಪ್ರೋಟೀನು ಅಲ್ಲಿ ಅಂಟಿಕೊಳ್ಳುತ್ತದೆ. ಬಳಿಕ ಶಕ್ತಿ ಒದಗಿಸುವ 7 ಎಟಿಪಿ ಅಣುಗಳು ಬಂದು ಕೂರುತ್ತವೆ, ಗ್ರೋ-ಇಎಸ್ ಎಂಬ ಮುಚ್ಚಳ ಬೀಳುತ್ತದೆ. ಆಗ ಗೋಡೆಯೇ ಹೊರಳಿ, ಅಂಟುವ ಮುಖ ಮರೆಯಾಗಿ ನೀರಿಗೆ ಒಲಿಯುವ ಮುಖ ಒಳಗಡೆಗೆ ಬರುತ್ತದೆ. ಹಿಡಿತ ತಪ್ಪಿ ಕೋಣೆಗೆ ಬಿದ್ದ ಪ್ರೋಟೀನು, ಅಕ್ಕಪಕ್ಕದವುಗಳ ಕಾಟವಿಲ್ಲದೆ ಸುಮಾರು 10 ಸೆಕೆಂಡು ತನ್ನಷ್ಟಕ್ಕೆ ಮಡಿಚಿಕೊಳ್ಳಲು ನೋಡುತ್ತದೆ. ಆಗಲಿಲ್ಲವೇ, ಮತ್ತೊಂದು ಸುತ್ತು. ಹೇಗೆ ಮಡಿಚಿಕೊಳ್ಳಬೇಕೆಂದು ಗ್ರೋ-ಇಎಲ್ ಕಲಿಸುವುದಿಲ್ಲ. ಆ ಸೂಚನೆ ಸರಪಳಿಯಲ್ಲೇ ಇರುತ್ತದೆ. ಇದು ಕೊಡುವುದು ಏಕಾಂತವನ್ನಷ್ಟೇ. ಆದರೆ ಆ ಏಕಾಂತವಿಲ್ಲದೆ ಇ. ಕೋಲಿ ಯಾವ ತಾಪಮಾನದಲ್ಲೂ ಬೆಳೆಯಲಾರದು.

ಇದಕ್ಕಿಂತಲೂ ಸೊಗಸಾದದ್ದು, ಕಾವು ಏರಿದ್ದನ್ನು ಕೋಶ ಅರಿಯುವ ಬಗೆ. ಬಿಸಿ ತಟ್ಟಿದಾಗ ಬೇಕಾಗುವ ಗ್ರೋ-ಇಎಲ್‌ನಂಥ ಪ್ರೋಟೀನುಗಳ ಜೀನುಗಳನ್ನು ಓದಿಸುವುದು ಸಿಗ್ಮಾ-32 ಎಂಬ ಪ್ರೋಟೀನು. ತಂಪಿನಲ್ಲಿ ಇದರ ಸಂದೇಶವಾಹಕ ಆರ್‌ಎನ್‌ಎ ತನ್ನ ಮೇಲೆ ತಾನೇ ಮಡಿಚಿಕೊಂಡು, ಪ್ರೋಟೀನು ಕಟ್ಟುವ ರೈಬೋಸೋಮಿಗೆ ಎಡೆಗೊಡುವುದಿಲ್ಲ. ಕಾವಿಗೆ ಆ ಮಡಿಕೆ ಬಿಚ್ಚುತ್ತದೆ. ತಯಾರಾದ ಸಿಗ್ಮಾ-32 ಕೂಡ ಮಾಮೂಲಿ ದಿನಗಳಲ್ಲಿ ಬಾಳುವುದು ಒಂದು ನಿಮಿಷದ ಆಸುಪಾಸು. ಡಿಎನ್‌ಎಕೆ ಎಂಬ ಇನ್ನೊಂದು ಸಹಾಯಕ ಪ್ರೋಟೀನು ಅದನ್ನು ಹಿಡಿದಿಡುತ್ತದೆ, ಎಫ್‌ಟಿಎಸ್‌ಎಚ್ ಎಂಬ ಕಿಣ್ವ ಚೂರು ಮಾಡುತ್ತದೆ. ಬಿಸಿ ತಟ್ಟಿದಾಗ ಡಿಎನ್‌ಎಕೆಗೆ ಬಿಚ್ಚಿಹೋದ ಪ್ರೋಟೀನುಗಳನ್ನು ಸಂಭಾಳಿಸುವುದರಲ್ಲೇ ಪುರಸೊತ್ತಿಲ್ಲ. ಸಿಗ್ಮಾ-32 ಪಾರಾಗಿ, ಕೆಲವೇ ನಿಮಿಷಗಳಲ್ಲಿ ಗ್ರೋ-ಇಎಲ್, ಡಿಎನ್‌ಎಕೆ ಮುಂತಾದವು ಹೇರಳವಾಗಿ ತಯಾರಾಗುತ್ತವೆ. ದುರಸ್ತಿ ಮುಗಿಯುತ್ತ ಬಂದಂತೆ ಬಿಡುವಾದ ಡಿಎನ್‌ಎಕೆ ಮತ್ತೆ ಸಿಗ್ಮಾ-32ರ ಬೆನ್ನು ಹತ್ತುತ್ತದೆ, ಉತ್ಪಾದನೆ ಇಳಿಯುತ್ತದೆ. ಹಾನಿಯನ್ನು ಅಳೆಯುವುದೂ ದುರಸ್ತಿ ಮಾಡುವ ಪ್ರೋಟೀನೇ. ಕಾವನ್ನು ಏರಿಸದೆ ಮದ್ಯಸಾರ ಬೆರೆಸಿದರೂ ಇ. ಕೋಲಿ ಇದೇ ಪ್ರೋಟೀನುಗಳನ್ನು ತಯಾರಿಸತೊಡಗುವುದು ಅದಕ್ಕೇ: ಮದ್ಯಸಾರವೂ ಮಡಿಕೆಗಳನ್ನು ಬಿಚ್ಚುತ್ತದೆ.